ಅಂಕೋಲೆಯ ಬಾವಿಯೂ ದಿಲ್ಲಿಯ ಒಪ್ಪಂದಗಳೂ

ದಿಲ್ಲಿಯಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆಲ್ಲ ಕಚೇರಿಯ ಕೆಲಸದ ಜೊತೆಗೆ ಇನ್ನೊಂದು ಉದ್ಯೋಗವೂ ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ. ಊರಿನಿಂದ ಬಂದವರಿಗೆ ದಿಲ್ಲಿ ತೋರಿಸುವುದೇ ಆ ಉದ್ಯೋಗ. ಒಂದು ದಿನ ಕೆಂಪು ಕೋಟೆ, ರಾಜಘಾಟ, ಬಿರ್ಲಾ ಮಂದಿರ. ಇನ್ನೊಂದು ದಿನ ಕುತುಬ್ ಮಿನಾರು. ಮೂರನೆಯ ದಿನ ಆಗ್ರಾ. ಕಳೆದ ಹನ್ನೆರಡು ವರ್ಷಗಳಿಂದ ನಾವು ಈ ಸೇವೆಯನ್ನು ಚಾಚೂ ತಪ್ಪದೆ ಸಲ್ಲಿಸುತ್ತ ಬಂದಿದ್ದೇವೆ. ಎಲ್ಲಿ ನೆರಳುಂಟು, ಎಲ್ಲಿ ಕುಡಿಯುವ ನೀರುಂಟು, ಎಲ್ಲಿ ಮಕ್ಕಳು ಐಸ್‌ಕ್ರೀಮಿಗಾಗಿ ಹಟ ಹಿಡಿಯುತ್ತಾರೆ ಎಂಬುದೆಲ್ಲ ನಮಗೆ ಬಾಯಿಪಾಠ.

ಕಳೆದ ಜನವರಿಯಲ್ಲಿ ನಮ್ಮ ದೊಡ್ಡಪ್ಪ ಬಂದಾಗ ಮಾತ್ರ ಈ ಪಾಠ ಕೆಲಸಕ್ಕೆ ಬರಲಿಲ್ಲ.

ಎಪ್ಪತ್ತೆಂಟು ವರ್ಷದ ಮುದುಕ. ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ, ಒಂದು ಚೀಲ ಕುಚ್ಚಲಕ್ಕಿ, ಎರಡು ಸೀಸೆ ಮಾವಿನಮಿಡಿ ಉಪ್ಪಿನಕಾಯಿ ಹೊತ್ತು, ನಿಜಾಮುದ್ದೀನ್ ನಿಲ್ದಾಣದ ಕೊರೆಯುವ ಚಳಿಯಲ್ಲಿ ಇಳಿದರು. ಹೇಳಿಕೆಗೆ, ಗುರುಗ್ರಾಮದಲ್ಲಿರುವ ಮಗಳನ್ನು ನೋಡಲು ಬಂದದ್ದು. ಆದರೆ ಮಗಳ ಮನೆಯಲ್ಲಿ ಎರಡೇ ದಿನ ಇದ್ದು, ರಾಮಕೃಷ್ಣಪುರದ ನಮ್ಮ ಸರಕಾರಿ ಕ್ವಾರ್ಟರ್ಸಿಗೆ ಬಂದುಬಿಟ್ಟರು. ಕಾರಣ ಎಲ್ಲರಿಗೂ ಗೊತ್ತಿತ್ತು. ಅವರ ಕೈಚೀಲದಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಒಂದು ಛಾಪಾ ಕಾಗದವಿತ್ತು.

ಮನೆಯ ವಿಷಯವನ್ನು ಪತ್ರಿಕೆಯಲ್ಲಿ ಹೇಳಬಾರದೆನ್ನುವವರು ಕ್ಷಮಿಸಬೇಕು. ಅಂಕೋಲೆಯಲ್ಲಿ ನಮ್ಮ ಅಪ್ಪನೂ ದೊಡ್ಡಪ್ಪನೂ ಪಾಲಾದಾಗ ಮನೆ ಎರಡಾಯಿತು, ತೋಟ ಎರಡಾಯಿತು, ಬಾವಿ ಮಾತ್ರ ಎರಡಾಗಲಿಲ್ಲ. ಅದು ದೊಡ್ಡಪ್ಪನ ಹಿತ್ತಿಲಲ್ಲಿ ಉಳಿಯಿತು. ನೀರು ಇಬ್ಬರಿಗೂ ಎಂಬುದು ಬಾಯಿಮಾತು. ಒಂದು ಬೇಸಗೆ ಯಾವುದೋ ಮಾತಿಗೆ ಮಾತು ಬೆಳೆದು, ಬಾವಿಗೆ ಹೋಗುವ ದಾರಿಗೆ ಬೇಲಿ ಬಿತ್ತು. ನಾವು ಕೋರ್ಟಿಗೆ ಹೋದೆವು. ಹನ್ನೊಂದು ವರ್ಷ ಕಳೆಯಿತು. ನಾಲ್ಕು ವರ್ಷದ ಕೆಳಗೆ ಅಪ್ಪ ತೀರಿಕೊಂಡಾಗ ದೊಡ್ಡಪ್ಪ ದಣಪೆಯ ತನಕ ಬಂದು, ಅಲ್ಲೇ ನಿಂತು, ಹಿಂದಿರುಗಿದರು. ಆ ಮೇಲೆ ಅಮ್ಮ ನಮ್ಮೊಡನೆ ದಿಲ್ಲಿಗೆ ಬಂದಳು.

ಆ ಛಾಪಾ ಕಾಗದ ರಾಜಿಪತ್ರ. ಬಾವಿಯಲ್ಲಿ ಸಮಪಾಲು, ಆರು ಅಡಿ ದಾರಿ, ಮೊಕದ್ದಮೆ ವಾಪಸು. ಅಮ್ಮನದೂ ನಮ್ಮದೂ ಸಹಿ ಬೇಕು. ದೊಡ್ಡಪ್ಪ ಅದನ್ನು ಮೇಜಿನ ಮೇಲಿಟ್ಟರು. ಅಮ್ಮ ಚಹ ತಂದಿಟ್ಟಳು. "ಇರಲಿ, ಓದಿ ನೋಡ್ವ" ಎಂದಷ್ಟೇ ಹೇಳಿ ಒಳಗೆ ಹೋದಳು.

ರಾತ್ರಿ ಊಟವಾದ ಮೇಲೆ ದೊಡ್ಡಪ್ಪ ನಮ್ಮನ್ನು ಕರೆದರು. "ತಮಾ, ನನಗೆ ಕುತುಬ್ ಮಿನಾರೆಲ್ಲ ಬೇಡ. ಗಾಂಧಿ, ಇರ್ವಿನ್ ಕೂತು ಮಾತಾಡಿದ ಜಾಗ ಉಂಟಲ್ಲ, ಅದನ್ನು ತೋರಿಸು. ನಮ್ಮ ಅಜ್ಜ ಸಾಯುವ ತನಕ ಅದನ್ನೇ ಹೇಳ್ತಿದ್ದ."

ದೊಡ್ಡಪ್ಪನ ಅಜ್ಜ ಎಂದರೆ ನಮ್ಮ ಮುತ್ತಜ್ಜ. 1930ರ ಎಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾಯಿದೆ ಮುರಿದಾಗ ಆ ಜನಸಾಗರದಲ್ಲಿ ಇದ್ದವನು. ಮುಂದೆ ಕರನಿರಾಕರಣೆಯ ಚಳುವಳಿಗೂ ಸೇರಿದವನು. ಸಿದ್ದಾಪುರ, ಅಂಕೋಲೆ, ಹಿರೇಕೆರೂರುಗಳ ರೈತರು ಕಂದಾಯ ಕೊಡುವುದಿಲ್ಲವೆಂದು ನಿಂತ ಆ ಕಾಲದಲ್ಲೇ ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂದದ್ದು. ಈಗ ಬಾವಿಯಿರುವ ಹಿತ್ತಿಲೇ ಆಗ ಮುಟ್ಟುಗೋಲಾದ ಜಮೀನು.

ಆದಿತ್ಯವಾರ ಬೆಳಿಗ್ಗೆ ನಾವು ಐದು ಮಂದಿ ಹೊರಟೆವು: ದೊಡ್ಡಪ್ಪ, ಅಮ್ಮ, ನಮ್ಮ ಮನೆಯವಳು, ಹತ್ತು ವರ್ಷದ ಮಗ ಮತ್ತು ಬುತ್ತಿಯ ಚೀಲ ಹೊತ್ತ ನಾವು. ಮೆಟ್ರೋ ಡಬ್ಬಿಯಲ್ಲಿ ದೊಡ್ಡಪ್ಪ ಒಂದು ಬದಿಗೆ ಕುಳಿತರೆ ಅಮ್ಮ ಎದುರು ಬದಿಯಲ್ಲಿ ಜಾಗ ಹಿಡಿದಳು. ಎರಡು ಕಡೆ ಗಾಡಿ ಬದಲಾಯಿಸಿ ದಿಲ್ಲಿ ಗೇಟಿನಲ್ಲಿ ಇಳಿದೆವು.

ಷಹಜಹಾನಾಬಾದಿನ ಹಳೆಯ ಕಲ್ಲುಬಾಗಿಲು ಈಗಲೂ ರಸ್ತೆಯ ನಡುವೆ, ವಾಹನಗಳ ಗದ್ದಲದಲ್ಲಿ, ಯಾರ ಗೊಡವೆಯೂ ಇಲ್ಲದೆ ನಿಂತಿದೆ. ಅದರಾಚೆ ದರಿಯಾಗಂಜ್. 1931ರ ಫೆಬ್ರವರಿ, ಮಾರ್ಚಿನಲ್ಲಿ ಗಾಂಧೀಜಿ ಇಳಿದುಕೊಂಡದ್ದು ಇಲ್ಲಿ, ಡಾಕ್ಟರ್ ಅನ್ಸಾರಿಯವರ ಮನೆಯಲ್ಲಿ. ಆ ಮನೆಯ ಹೆಸರು 'ದಾರುಸ್ಸಲಾಮ್', ಎಂದರೆ ಶಾಂತಿಯ ಮನೆ. ಕಾಂಗ್ರೆಸ್ಸಿನ ಕಾರ್ಯಕಾರಿ ಸಮಿತಿಯೂ ಅಲ್ಲೇ ಸೇರುತ್ತಿತ್ತು. ಇಲ್ಲಿಂದ ರೈಸೀನಾ ಗುಡ್ಡದ ವೈಸರಾಯರ ಅರಮನೆಗೆ ಐದಾರು ಕಿಲೋಮೀಟರು. ಫೆಬ್ರವರಿ 17ರಿಂದ ಮಾತುಕತೆ ನಡೆಯಿತು. ಎಂಟು ಭೇಟಿ, ಒಟ್ಟು ಸುಮಾರು 24 ಗಂಟೆಯ ಮಾತು. ಮಾರ್ಚ್ 4ರ ರಾತ್ರಿ ಗಾಂಧೀಜಿ ಹಿಂದಿರುಗಿದಾಗ ಎರಡು ಗಂಟೆಯಾಗಿತ್ತೆಂದೂ, ಮಲಗಿದ್ದವರನ್ನೆಲ್ಲ ಎಬ್ಬಿಸಿ ಒಪ್ಪಂದವಾಯಿತೆಂದು ತಿಳಿಸಿದರೆಂದೂ ನೆಹರೂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಸ್ವರಾಜ್ಯದ ಮಾತು ಬರಬೇಕಾದ ಎರಡನೆಯ ಕಲಮಿನಲ್ಲಿ ರಕ್ಷಣೆ, ವಿದೇಶ ವ್ಯವಹಾರ, ಹಣಕಾಸು ಎಂದು ಕಟ್ಟುಪಾಡುಗಳ ಸಾಲನ್ನು ಕಂಡು ಅವರ ಎದೆ ಒಡೆದಿತ್ತಂತೆ.

"ರಾಜಿ ಅಂದರೆ ಹಾಗೇ. ಅರ್ಧ ರಾತ್ರಿಗೆ ಎಬ್ಬಿಸಿ ಅರ್ಧ ರೊಟ್ಟಿ ಕೊಡ್ತದೆ" ಎಂದರು ದೊಡ್ಡಪ್ಪ.

ಮುಂದಿನ ಹಾದಿಗೆ ಎರಡು ಆಟೋ ಬೇಕಾಯಿತು. ಮಗ ತನ್ನ ತಾಯಿಯನ್ನು ಎಳೆದುಕೊಂಡು ಮುಂದಿನದನ್ನು ಏರಿಬಿಟ್ಟ. ಉಳಿದದ್ದರಲ್ಲಿ ದೊಡ್ಡಪ್ಪ, ಅಮ್ಮ, ನಡುವೆ ನಾವು. ತಿಲಕ್ ಮಾರ್ಗದಲ್ಲಿ ಸುಪ್ರೀಂ ಕೋರ್ಟಿನ ಗುಮ್ಮಟ ಕಂಡಿತು. ದಿಲ್ಲಿಯ ಕನ್ನಡಿಗರಾದ ನಮಗೆ ಈ ಕಟ್ಟಡ ಕಂಡರೆ ಕಾವೇರಿಯ ನೆನಪು. 1924ರಲ್ಲಿ ಮೈಸೂರೂ ಮದರಾಸೂ ಮಾಡಿಕೊಂಡ ಒಪ್ಪಂದ; ಅದರ ಕೆಲವು ಷರತ್ತುಗಳನ್ನು ಐವತ್ತು ವರ್ಷದ ಮೇಲೆ ಮತ್ತೆ ನೋಡಬೇಕೆಂದಿತ್ತು. ಐವತ್ತು ವರ್ಷ ಕಳೆದಾಗ ಎರಡು ಕಡೆಯವರಿಗೂ ಒಮ್ಮತ ಬರಲಿಲ್ಲ. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನ ತೀರ್ಪು, ಕರ್ನಾಟಕಕ್ಕೆ 14.75 ಟಿ.ಎಂ.ಸಿ. ಹೆಚ್ಚು ನೀರು. ನಾವು ಇದನ್ನು ವಿವರಿಸುತ್ತಿದ್ದಂತೆ ಅಮ್ಮ ಹೊರಗೆ ನೋಡುತ್ತಲೇ, "ಎಷ್ಟು ವರ್ಷ ಆಯಿತು?" ಎಂದಳು. ಲೆಕ್ಕ ಹಾಕಿ ಹೇಳುವ ಧೈರ್ಯ ನಮಗಾಗಲಿಲ್ಲ. ದೊಡ್ಡಪ್ಪನೂ ಕೇಳದವರಂತೆ ಕುಳಿತಿದ್ದರು.

ವಿಜಯ ಚೌಕದಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಎಡಬಲಕ್ಕೆ ಸೌತ್ ಬ್ಲಾಕ್, ನಾರ್ತ್ ಬ್ಲಾಕ್. ನಡುವೆ ಏರುದಾರಿಯ ತುದಿಯಲ್ಲಿ ರಾಷ್ಟ್ರಪತಿ ಭವನ. ಒಳಗೆ ಹೋಗಲು ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ನಮ್ಮ ದೊಡ್ಡಪ್ಪನಿಗೆ ಹೊರಗಿನಿಂದಲೇ ಸಾಕಾಯಿತು. ಜನವರಿಯ ಮಂಜು ಹರಿದು ಎಳೆಬಿಸಿಲು ಬಿದ್ದಿತ್ತು. ಗುಮ್ಮಟ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ.

"ಇದು ಆಗ ಹೊಸತೋ?"

ಹೊಸತೇ. ಹೊಸದಿಲ್ಲಿಯ ಉದ್ಘಾಟನೆಯ ಉತ್ಸವ ಮುಗಿದು ವಾರವೂ ಆಗಿರಲಿಲ್ಲ. 340 ಕೋಣೆಗಳ ಆ ಅರಮನೆಗೆ, ಜೈಲಿನಿಂದ ಬಿಡುಗಡೆಯಾಗಿ ತಿಂಗಳೂ ಆಗದಿದ್ದ ಮನುಷ್ಯನೊಬ್ಬ ಪಂಚೆ ಉಟ್ಟು, ಶಾಲು ಹೊದ್ದು ಬಂದದ್ದು. ಲಂಡನ್ನಿನಲ್ಲಿ ಚರ್ಚಿಲ್ಲರಿಗೆ ಅದನ್ನು ಸಹಿಸಲಾಗಲಿಲ್ಲ; ಅರೆಬೆತ್ತಲೆ ಫಕೀರನೊಬ್ಬ ಚಕ್ರವರ್ತಿಯ ಪ್ರತಿನಿಧಿಯೊಡನೆ ಸರಿಸಮನಾಗಿ ಕೂರುವುದೇ ಎಂದು ಹಂಗಿಸಿದರು. ಆದರೆ ಒಪ್ಪಂದದ ತಿರುಳೇ ಅದಲ್ಲವೇ? ಕಾಗದದಲ್ಲಿ ಏನಾದರೂ ಬರೆಯಲಿ, ಆ ಕಾಗದಕ್ಕಾಗಿ ಇಬ್ಬರೂ ಎದುರುಬದುರು ಕೂತರು. ಅದರ ಹಿಂದೆ ಸಪ್ರೂ, ಜಯಕರ್, ಶ್ರೀನಿವಾಸ ಶಾಸ್ತ್ರಿ ಮೊದಲಾದವರ ಓಡಾಟವೂ ಇತ್ತು. ಇಬ್ಬರ ನಡುವೆ ನಡೆದಾಡುವ ಕಾಲುಗಳಿಲ್ಲದೆ ಯಾವ ರಾಜಿಯೂ ಆಗುವುದಿಲ್ಲ.

ನಾವು ಗುಮಾಸ್ತರು. ದೊಡ್ಡವರು ಕೈಕುಲುಕಿದ ಕತೆಗಿಂತ ಕಾಗದ ಹೇಗೆ ಹೊರಟಿತೆಂಬುದರ ಮೇಲೆ ನಮಗೆ ಆಸಕ್ತಿ ಹೆಚ್ಚು. 1931ರ ಮಾರ್ಚ್ 5ರಂದು ಆ ಒಪ್ಪಂದ ಗೃಹ ಇಲಾಖೆಯ ಒಂದು ಪ್ರಕಟಣೆಯಾಗಿ ಹೊರಟಿತು. ಇಲಾಖೆಯ ಕಾರ್ಯದರ್ಶಿ ಎಮರ್ಸನ್. ಕಲಮುಗಳು 21. ಕಾನೂನುಭಂಗ ಚಳುವಳಿ ನಿಲ್ಲುವುದು, ಕಾಂಗ್ರೆಸ್ಸು ದುಂಡುಮೇಜಿನ ಪರಿಷತ್ತಿನ ಮುಂದಿನ ಮಾತುಕತೆಗೆ ಬರುವುದು, ಸುಗ್ರೀವಾಜ್ಞೆಗಳು ರದ್ದಾಗುವುವು, ಹಿಂಸೆ ಮಾಡದ ಕೈದಿಗಳ ಬಿಡುಗಡೆ, ವಸೂಲಾಗದ ದಂಡ ಮಾಫಿ. ಇಪ್ಪತ್ತನೆಯ ಕಲಮು ಉಪ್ಪಿನದು. ಉಪ್ಪಿನ ಕಾಯಿದೆ ಹಾಗೆಯೇ ಇರುತ್ತದೆ. ಆದರೆ ಉಪ್ಪು ಸಿಗುವ ಜಾಗಕ್ಕೆ ತಾಗಿದ ಹಳ್ಳಿಯವರು ತಮ್ಮ ಮನೆಗೂ ತಮ್ಮ ಹಳ್ಳಿಯೊಳಗಿನ ಮಾರಾಟಕ್ಕೂ ಉಪ್ಪು ತೆಗೆದುಕೊಳ್ಳಬಹುದು, ಹೊರಗಿನವರಿಗೆ ಮಾರಕೂಡದು. 60 ಸಾವಿರಕ್ಕೂ ಹೆಚ್ಚು ಜನ ಸೆರೆಮನೆ ಕಂಡ ಹೋರಾಟದ ಕೊನೆಗೆ ಕಡಲ ಕರೆಯ ಬಡವನ ಮಡಕೆಗೆ ದಕ್ಕಿದ್ದು ಇಷ್ಟು.

"ಇಷ್ಟೇ ಅನ್ನಬೇಡ" ಎಂದರು ದೊಡ್ಡಪ್ಪ. "ಅಜ್ಜ ಹೇಳ್ತಿದ್ದ: ಅದುವರೆಗೆ ಪೋಲೀಸ ಬಂದು ಮಡಕೆ ಒಡೀತಿದ್ದ. ಆ ಮೇಲೆ ಅದೇ ಪೋಲೀಸ ದಂಡೆಯ ಮೇಲೆ ನಿಂತು ನೋಡಿ ಸುಮ್ಮನೆ ಹೋಗ್ತಿದ್ದ. ಅದನ್ನು ನೋಡೂಕೇ ಜನ ಉಪ್ಪು ಬೇಯಿಸ್ತಿದ್ದರು."

ಒಪ್ಪಂದದೊಳಗೆ ಬಾರದೆ ಹೊರಗುಳಿದದ್ದೂ ಉಂಟು. ಪೋಲೀಸರ ಅತಿರೇಕಗಳ ಬಗ್ಗೆ ವಿಚಾರಣೆಯಾಗಬೇಕೆಂದು ಗಾಂಧೀಜಿ ಕೇಳಿದರು, ಸರಕಾರ ಒಪ್ಪಲಿಲ್ಲ, ಅವರು ಒತ್ತಾಯಿಸುವುದನ್ನು ಬಿಟ್ಟರು. ಮುಟ್ಟುಗೋಲಾದ ಜಮೀನು ಸರಕಾರದ ಕೈಯಲ್ಲಿದ್ದರೆ ಹಿಂದಕ್ಕೆ. ಬೇರೆಯವರಿಗೆ ಮಾರಾಟವಾಗಿದ್ದರೆ ಆ ಮಾರಾಟವೇ ಕೊನೆ. ರಾಜೀನಾಮೆ ಕೊಟ್ಟ ಗ್ರಾಮಾಧಿಕಾರಿಗಳ ಜಾಗ ಖಾಯಂ ಆಗಿ ತುಂಬಿದ್ದರೆ ಅದೂ ಹೋಯಿತು. ಭಗತ್ ಸಿಂಗ್, ಸುಖದೇವ್, ರಾಜಗುರು ಉಳಿಯಲಿಲ್ಲ. ಮಾರ್ಚ್ 23ರಂದು ಲಾಹೋರಿನಲ್ಲಿ ಗಲ್ಲಾಯಿತು. ಅದೇ ವಾರ ಕರಾಚಿಯ ಅಧಿವೇಶನ ಭಾರವಾದ ಮನಸ್ಸಿನಿಂದಲೇ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಎಪ್ರಿಲಿನಲ್ಲಿ ಇರ್ವಿನ್ ಊರಿಗೆ ಹೊರಟರು, ವಿಲಿಂಗ್ಡನ್ ಬಂದರು. ಮಾತು ಕೊಟ್ಟವನು ಹೋಗಿ, ಕಾಗದ ಮಾತ್ರ ಉಳಿಯಿತು. ಡಿಸೆಂಬರಿನಲ್ಲಿ ಗಾಂಧೀಜಿ ಲಂಡನ್ನಿನಿಂದ ಬರಿಗೈಯಲ್ಲಿ ಬಂದರು. 1932ರ ಜನವರಿ 4ರಂದು ಮತ್ತೆ ಸೆರೆ. ಹತ್ತು ತಿಂಗಳಿಗೆ ಒಪ್ಪಂದ ಮುಗಿಯಿತು.

ಆ ಎರಡನೆಯ ಸುತ್ತಿನಲ್ಲೇ ನಮ್ಮ ಮುತ್ತಜ್ಜನ ಹಿತ್ತಿಲು ಹರಾಜಾಗಿ ಬೇರೊಬ್ಬರ ಪಾಲಾದದ್ದು. 1937ರಲ್ಲಿ ಬೊಂಬಾಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದು, 1938ರಲ್ಲಿ ಮುಟ್ಟುಗೋಲಾದ ಜಮೀನುಗಳನ್ನು ಹಿಂದಿರುಗಿಸಲು ಕಾಯಿದೆ ಮಾಡಿದ ಮೇಲೆ ಹಿತ್ತಿಲು ಮರಳಿತು.

"ಜಮೀನು ಬಂತು" ಎಂದರು ದೊಡ್ಡಪ್ಪ. "ಆದರೆ ಹರಾಜಿನಲ್ಲಿ ಹಿಡಿದವರ ಮನೆಗೂ ನಮ್ಮ ಮನೆಗೂ ಇಪ್ಪತ್ತು ವರ್ಷ ಮಾತಿಲ್ಲ. ಕಾಯಿದೆ ಮಾತು ತಂದು ಕೊಡೂದಿಲ್ಲ ತಮಾ. ಕಡೆಗೆ ಅವರ ಮಗಳ ಮದುವೆಗೆ ಅಜ್ಜ ಕರೆಯದೇ ಹೋಗಿ ಪಂಕ್ತಿಯಲ್ಲಿ ಕೂತ."

ಅಮ್ಮ ಇದನ್ನು ಕೇಳಿಸಿಕೊಂಡಳು. ಏನೂ ಹೇಳಲಿಲ್ಲ.

ಬಲಗಡೆಯ ನಾರ್ತ್ ಬ್ಲಾಕನ್ನು ತೋರಿಸಿ ನಾವು ಇನ್ನೊಂದು ಸಂಗತಿ ಹೇಳಿದೆವು. 1986ರಲ್ಲಿ ಗೃಹ ಸಚಿವಾಲಯ ಅಲ್ಲಿತ್ತು. ಮಿಜೋರಾಮಿನಲ್ಲಿ 1966ರಲ್ಲಿ ಎದ್ದ ದಂಗೆ ಇಪ್ಪತ್ತು ವರ್ಷ ಉರಿದು, 1986ರ ಜೂನ್ 30ರಂದು ದಿಲ್ಲಿಯಲ್ಲಿ ಒಪ್ಪಂದವಾಗಿ ಆರಿತು. ಸರಕಾರದ ಪರವಾಗಿ ಸಹಿ ಹಾಕಿದ ಗೃಹ ಕಾರ್ಯದರ್ಶಿ ಆರ್. ಡಿ. ಪ್ರಧಾನ್ ಅದೇ ದಿನ ನಿವೃತ್ತರಾಗಲಿದ್ದವರು. ನಿವೃತ್ತಿಯ ದಿನ ಕಡತ ಮುಗಿಸಿ ಹೋಗಬೇಕೆಂಬ ಆಸೆ ಗುಮಾಸ್ತರಿಗೆ ಮಾತ್ರವಲ್ಲ! ಆದರೆ ಆ ಒಪ್ಪಂದ ಬಾಳಿದ್ದು ಸಹಿಯಿಂದ ಮಾತ್ರವೆಂದು ನಮಗೆ ತೋರುವುದಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಲಾಲ್ ಥನ್ಹಾವ್ಲಾ ತಮ್ಮ ಕುರ್ಚಿಯನ್ನು ನಿನ್ನೆಯ ದಂಗೆಕೋರ ಲಾಲ್‌ಡೆಂಗಾಗೆ ಬಿಟ್ಟುಕೊಟ್ಟು, ತಾವು ಉಪಮುಖ್ಯಮಂತ್ರಿಯಾಗಿ ಪಕ್ಕದಲ್ಲಿ ಕೂತರು. 1987ರ ಫೆಬ್ರವರಿ 20ರಂದು ಮಿಜೋರಾಮ್ ರಾಜ್ಯವಾಯಿತು. ಆ ದಂಗೆ ಮತ್ತೆ ಏಳಲಿಲ್ಲ.

"ಕುರ್ಚಿ ಬಿಟ್ಟವನು ದೊಡ್ಡವನು" ಎಂದಳು ನಮ್ಮಾಕೆ. ದೊಡ್ಡಪ್ಪ ಮಫ್ಲರನ್ನು ಕಿವಿಗೆ ಬಿಗಿಯಾಗಿ ಸುತ್ತಿಕೊಂಡರು.

ಕಲ್ಲುಬೆಂಚಿನ ಮೇಲೆ ಕೂತು ಚಿತ್ರಾನ್ನ, ಮೊಸರನ್ನ ಮುಗಿಸಿದೆವು. ಊರಿನ ಮಿಡಿ ಉಪ್ಪಿನಕಾಯಿಯನ್ನು ಅಮ್ಮನೇ ಎಲ್ಲರಿಗೂ ಬಡಿಸಿದಳು, ದೊಡ್ಡಪ್ಪನಿಗೂ. ಅಲ್ಲಿಂದ ತೀಸ್ ಜನವರಿ ಮಾರ್ಗದ ಗಾಂಧಿ ಸ್ಮೃತಿಗೆ ಹೋದೆವು. ಇದೇ ಹಿಂದಿನ ಬಿರ್ಲಾ ಭವನ. ಗಾಂಧೀಜಿ ಕೊನೆಯ 144 ದಿನ ಇದ್ದ ಮನೆ.

ಇಲ್ಲಿಗೆ ಬಂದವರೆಲ್ಲ ಹುಲ್ಲುಹಾಸಿನ ನಡುವೆ ಕಲ್ಲಿನಲ್ಲಿ ಮಾಡಿಟ್ಟ ಕೊನೆಯ ಹೆಜ್ಜೆಗಳನ್ನು ನೋಡಿ, ಕೈಮುಗಿದು ಹೋಗುತ್ತಾರೆ. ಅದಕ್ಕೆ ಹನ್ನೆರಡು ದಿನ ಮುಂಚೆ ಇಲ್ಲೊಂದು ಒಪ್ಪಂದವಾಯಿತೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ದೇಶ ಒಡೆದ ಮೇಲಿನ ಚಳಿಗಾಲ. ಪಶ್ಚಿಮ ಪಂಜಾಬಿನಿಂದ ಎಲ್ಲವನ್ನೂ ಕಳೆದುಕೊಂಡು ಬಂದ ನಿರಾಶ್ರಿತರಿಂದ ದಿಲ್ಲಿ ತುಂಬಿತ್ತು. ಇಲ್ಲಿನ ಮುಸಲ್ಮಾನರು ಮನೆ, ಮಸೀದಿ ಬಿಟ್ಟು ಓಡಿದ್ದರು. 1948ರ ಜನವರಿ 13ರಂದು ಗಾಂಧೀಜಿ ಉಪವಾಸ ಹಿಡಿದರು. ಆಗ ಅವರಿಗೆ 78 ವರ್ಷ, ನಮ್ಮ ದೊಡ್ಡಪ್ಪನದೇ ವಯಸ್ಸು.

ರಾಜೇಂದ್ರ ಪ್ರಸಾದರ ಮುಂದಾಳುತನದಲ್ಲಿ ಶಾಂತಿ ಸಮಿತಿ ಸೇರಿತು. ಹಿಂದೂ, ಮುಸ್ಲಿಂ, ಸಿಖ್ ಮುಖಂಡರೂ ಬೇರೆ ಬೇರೆ ಪಕ್ಷ, ಸಂಘಗಳವರೂ ಸೇರಿ ನೂರಕ್ಕೂ ಹೆಚ್ಚು ಜನ. ಅವರು ಕೊಟ್ಟ ಮಾತಿನಲ್ಲಿ ಆದರ್ಶದ ಬಣ್ಣಮಾತು ಕಡಿಮೆ, ಓಣಿಗಳ ಹೆಸರು ಹೆಚ್ಚು. ಮೆಹರೌಲಿಯ ಖ್ವಾಜಾ ಕುತುಬುದ್ದೀನರ ಉರುಸು ಈ ವರ್ಷವೂ ಹಿಂದಿನಂತೆ ನಡೆಯುವುದು. ಸಬ್ಜಿಮಂಡಿ, ಕರೋಲ್ ಬಾಗ್, ಪಹಾಡ್‌ಗಂಜಿನಲ್ಲಿ ಮುಸಲ್ಮಾನರು ಹಿಂದಿನಂತೆ ಓಡಾಡಬಹುದು. ಆಕ್ರಮಿಸಿಕೊಂಡ ಮಸೀದಿಗಳನ್ನು ಬಿಟ್ಟುಕೊಡುವುದು. ಊರು ಬಿಟ್ಟವರು ಮರಳಿ ಬಂದರೆ ಅಡ್ಡಿಯಿಲ್ಲ. ಅವರ ವ್ಯಾಪಾರಕ್ಕೂ ತೊಂದರೆಯಿಲ್ಲ. ನಮ್ಮ ಎಷ್ಟೋ ಕನ್ನಡ ಸಂಸಾರಗಳು ಬಾಡಿಗೆ ಹಿಡಿದ ಕರೋಲ್ ಬಾಗಿನ ಹೆಸರು ಅಂಥ ಕಾಗದದಲ್ಲಿ ಉಂಟೆಂದು ತಿಳಿದಾಗ ನಮಗೆ ಅಲ್ಲಿನ ಗಲ್ಲಿಗಳು ಬೇರೆಯಾಗಿಯೇ ಕಂಡವು.

ಕಡೆಯ ಮಾತು ಎಲ್ಲಕ್ಕಿಂತ ಮುಖ್ಯವಾದದ್ದು. ಇವೆಲ್ಲವನ್ನೂ ಪೋಲೀಸರ, ಸೈನ್ಯದ ಬಲದಿಂದಲ್ಲ, ನಮ್ಮ ಸ್ವಂತ ಪ್ರಯತ್ನದಿಂದ ಮಾಡುತ್ತೇವೆಂದು ಅವರು ಒಪ್ಪಿಕೊಂಡರು. ಜನವರಿ 18ರ ಮಧ್ಯಾಹ್ನ ಮೌಲಾನಾ ಆಜಾದರ ಕೈಯಿಂದ ಹಣ್ಣಿನ ರಸ ಕುಡಿದು ಗಾಂಧೀಜಿ ಉಪವಾಸ ಬಿಟ್ಟರು.

ಹೆಜ್ಜೆಗಳ ಪಕ್ಕದಲ್ಲಿ ನಿಧಾನವಾಗಿ ನಡೆಯುತ್ತಿದ್ದ ಅಮ್ಮ ನಿಂತಳು. "ಮಸೀದಿಯಲ್ಲಿ ಹೊಕ್ಕಿದ್ದವರು ನಿರಾಶ್ರಿತರು ಅಂದೆಯಲ್ಲ. ಅವರು ಆ ಚಳಿಯಲ್ಲಿ ಎಲ್ಲಿಗೆ ಹೋದರು?"

ನಾವು ತಡವರಿಸಿದೆವು. ಕಿಂಗ್ಸ್‌ವೇ ಕ್ಯಾಂಪಿನ ಗುಡಾರಗಳಿದ್ದವು; ಮುಂದೆ ರಾಜೇಂದ್ರ ನಗರ, ಲಾಜಪತ ನಗರ ಮೊದಲಾದ ಬಡಾವಣೆಗಳೆದ್ದವು ಎಂದೆವು. ಆದರೆ ಅಮ್ಮ ಕೇಳಿದ್ದು ಆ ಒಂದು ರಾತ್ರಿಯ ಮಾತು. ಒಪ್ಪಂದದ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಇದ್ದ ಒಂದೇ ಮಾಡಿನಿಂದ ಎದ್ದು ಹೋಗಬೇಕಾದವರ ಕೋಪವೂ ಆ ದಿನಗಳಲ್ಲಿ ಈ ಮನೆಯ ಬಾಗಿಲಿಗೆ ಬಂದಿತ್ತು. ಜನವರಿ 20ರಂದು ಇಲ್ಲಿ ಬಾಂಬು ಸಿಡಿಯಿತು. 30ರಂದು ಗುಂಡು.

ಆ ನಡುವೆ, 27ರಂದು, ಗಾಂಧೀಜಿ ಮೆಹರೌಲಿಗೆ ಹೋಗಿದ್ದರು. ಕೊಟ್ಟ ಮಾತಿನಂತೆ ಉರುಸು ನಡೆಯುತ್ತಿದೆಯೇ ಎಂದು ಕಣ್ಣಾರೆ ನೋಡಲು.

ನಾವೂ ಹೋದೆವು. ಲೋಕ ಕಲ್ಯಾಣ ಮಾರ್ಗದಲ್ಲಿ ಮೆಟ್ರೋ ಹತ್ತಿ ಕುತುಬ್ ಮಿನಾರ್ ನಿಲ್ದಾಣದಲ್ಲಿ ಇಳಿದು, ಮತ್ತೆ ಎರಡು ಆಟೋ. ಮೆಹರೌಲಿಯ ಇಕ್ಕಟ್ಟಿನ ಓಣಿ, ಗುಲಾಬಿ ಎಸಳಿನ ಬುಟ್ಟಿಗಳು, ಅಗರಬತ್ತಿಯ ಹೊಗೆ. ಖ್ವಾಜಾ ಕುತುಬುದ್ದೀನ್ ಬಖ್ತಿಯಾರ್ ಕಾಕಿ 1235ರಲ್ಲಿ ತೀರಿಕೊಂಡ ಸಂತರು. ಗೋರಿಯ ಬಳಿಗೆ ಹೆಂಗಸರಿಗೆ ಪ್ರವೇಶವಿಲ್ಲ. ಅಮ್ಮನೂ ನಮ್ಮಾಕೆಯೂ ಅಮೃತಶಿಲೆಯ ಜಾಲಂಧ್ರದ ಈಚೆ ನಿಂತರು. ಹತ್ತಿರದಲ್ಲೇ ಯೋಗಮಾಯೆಯ ಗುಡಿ. ಹೂವಿನ ಬೀಸಣಿಗೆಗಳನ್ನು ದರ್ಗಾಕ್ಕೂ ಗುಡಿಗೂ ಒಪ್ಪಿಸುವ 'ಫೂಲ್ ವಾಲೋಂ ಕೀ ಸೈರ್' ಎಂಬ ಮೊಗಲರ ಕಾಲದ ಜಾತ್ರೆಯನ್ನು 1942ರಲ್ಲಿ ಬ್ರಿಟಿಷರು ನಿಲ್ಲಿಸಿದ್ದರು. 1960ರ ದಶಕದ ಆರಂಭದಲ್ಲಿ ನೆಹರೂ ಮುತುವರ್ಜಿಯಿಂದ ಮತ್ತೆ ಶುರುವಾಯಿತು.

ಹೊರಗಿನ ಕಟ್ಟೆಯ ಮೇಲೆ ಎಲ್ಲರೂ ಕಾಲು ಚಾಚಿ ಕೂತೆವು. ಸಂಜೆಯ ಚಳಿ ಇಳಿಯುತ್ತಿತ್ತು. ಅಮ್ಮ ನೇರವಾಗಿ ದೊಡ್ಡಪ್ಪನ ಕಡೆ ತಿರುಗಿದಳು. ಹನ್ನೊಂದು ವರ್ಷದಲ್ಲಿ ಅದು ಮೊದಲ ಸಲ.

"ಭಾವ, ಬೇಲಿ ತೆಗೆಯುವುದು ಯಾರು?"

"ಕಾಗದದಲ್ಲಿ ಬರೆದಿದೆಯಲ್ಲ, ತೆಗೆಯತಕ್ಕದ್ದು ಅಂತ."

"ಅದನ್ನೇ ಕೇಳಿದೆ. ಯಾರು?"

ಕಾಗದವನ್ನು ನಾವು ಎರಡು ಸಲ ಓದಿದ್ದೆವು. 'ಸದರಿ ಬೇಲಿಯನ್ನು ತೆಗೆಯತಕ್ಕದ್ದು' ಎಂದಿತ್ತು. ಕಚೇರಿಯಲ್ಲಿ ದಿನಕ್ಕೆ ಇಂಥ ಹತ್ತು ವಾಕ್ಯ ನಾವೇ ಬರೆಯುತ್ತೇವೆ. ಕ್ರಮ ಕೈಗೊಳ್ಳತಕ್ಕದ್ದು, ವರದಿ ಸಲ್ಲಿಸತಕ್ಕದ್ದು. 'ತಕ್ಕದ್ದು' ಎಂಬುದು ಬಹಳ ಗಂಭೀರವಾದ ಪದ. ಅದರಲ್ಲಿ ಕೆಲಸ ಉಂಟು, ಮಾಡುವವನು ಇಲ್ಲ. ಅಂಥ ಕಡತ ವರ್ಷಗಟ್ಟಲೆ ಮೇಜಿನಿಂದ ಮೇಜಿಗೆ ಅಲೆಯುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಈಗ ಕಡತ ಕಂಪ್ಯೂಟರಿನೊಳಗೆ ಹೋಗಿದ್ದರೂ 'ತಕ್ಕದ್ದು' ಹೊರಗೆ ಹೋಗಿಲ್ಲ. 1948ರ ಆ ನೂರು ಜನ 'ನಮ್ಮ ಪ್ರಯತ್ನದಿಂದ' ಎಂದು ಬರೆದು, ಮಾಡುವವರು ಯಾರೆಂದು ಹೇಳಿದ್ದರು. ನಮಗೆ ಹೊಳೆಯದಿದ್ದುದು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅಮ್ಮನಿಗೆ ಹೊಳೆದಿತ್ತು.

ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮಗ ಕಡಲೆಕಾಯಿಯ ಪೊಟ್ಟಣ ತಂದು ನಡುವೆ ಇಟ್ಟ. ಒಂದೆರಡು ಕಾಯಿ ಸುಲಿದ ಮೇಲೆ ಅವರು ಹೇಳಿದರು: "ಹಾಕಿದವನು ನಾನು."

ಆ ರಾತ್ರಿ ಮನೆಯಲ್ಲಿ ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ಆ ವಾಕ್ಯದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನಡುಗುವ ಕೈಯಿಂದ ಬರೆದರು: 'ಈ ಬೇಲಿಯನ್ನು ಶಿವರಾತ್ರಿಯ ಒಳಗೆ ನಾನೇ ನಿಂತು ತೆಗೆಯುತ್ತೇನೆ.' ತಿದ್ದಿದಲ್ಲಿ ಅವರೂ ಅಮ್ಮನೂ ಸಹಿ ಮಾಡಿದರು. ಕೊನೆಯಲ್ಲಿ ನಾವು. ದಣಪೆಯ ಬಳಿ ನಿಂತು ಹಿಂದಿರುಗಿದ ದಿನದ ಮಾತು ಯಾರೂ ಎತ್ತಲಿಲ್ಲ. ಅದು ಯಾವ ಕಲಮಿನಲ್ಲೂ ಸೇರಲಿಲ್ಲ. ಮೊಕದ್ದಮೆ ಯಾವಾಗ ವಾಪಸು ಎಂದು ನಾವು ಕೇಳಿದ್ದಕ್ಕೆ, "ಬೇಲಿ ಹೋಗಲಿ" ಎಂದಳು ಅಮ್ಮ.

ಊರಿನಿಂದ ಹಿರಿಯರು ಬರುವವರಿದ್ದರೆ ನಮ್ಮ ಸಂಘದ ಬಾಂಧವರು ಒಮ್ಮೆ ಈ ಸುತ್ತು ಹಾಕಿಸಿ ನೋಡಬಹುದು. ದಿಲ್ಲಿ ಗೇಟಿನಿಂದ ಮೆಹರೌಲಿಯ ತನಕ ಒಂದೇ ದಿನದ ಪ್ರಯಾಣ. ಬುತ್ತಿ ಕಟ್ಟಿಕೊಂಡರೆ ಖರ್ಚೂ ಕಡಿಮೆ. ಸೋಮವಾರ ಮಾತ್ರ ಬೇಡ, ಗಾಂಧಿ ಸ್ಮೃತಿಗೆ ಅಂದು ರಜೆ.

ಶಿವರಾತ್ರಿಯ ಮಾರನೆಯ ದಿನ ನಮ್ಮ ಫೋನಿಗೆ ಊರಿನಿಂದ ಒಂದು ಚಿತ್ರ ಬಂತು. ಕೈಯಲ್ಲಿ ಕತ್ತಿ ಹಿಡಿದು ನಿಂತ ದೊಡ್ಡಪ್ಪ, ಕಾಲ ಬಳಿ ಕಡಿದು ಬಿದ್ದ ಬೇಲಿ, ಹಿಂದೆ ಬಾವಿಯ ಕಟ್ಟೆ. ಅಮ್ಮನಿಗೆ ತೋರಿಸಿದೆವು. ಅವಳು ಕನ್ನಡಕ ತರಿಸಿ, ಮೊಮ್ಮಗನಿಂದ ಚಿತ್ರವನ್ನು ದೊಡ್ಡದು ಮಾಡಿಸಿ, ಮೂಲೆಮೂಲೆಯನ್ನೂ ನೋಡಿದಳು.

"ಆ ತುದಿಯ ಕಂಬ ಇನ್ನೂ ನಿಂತಿದೆಯಲ್ಲ" ಎಂದಳು.

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಎಪ್ರಿಲಿಗೆ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಜಾಗ ಸಿಗುವುದೋ ನೋಡು ಎಂದಳು. ನೋಡಿದೆವು. ಸಿಕ್ಕಿತು.